ಮಕ್ಕಳ ಕೋಣೆ, ಸಣ್ಣ ಬಜೆಟ್: ಓದುಗರ ಪ್ರಶ್ನೆಗೆ ನಮ್ಮ ಉತ್ತರ

ಕಡಿಮೆ ಖರ್ಚಿನಲ್ಲಿ ಮಕ್ಕಳ ಮಲಗುವ ಕೋಣೆಯನ್ನು ಒಪ್ಪ ಮಾಡುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಲೆಕ್ಕಗಳಲ್ಲಿ ನಮ್ಮ ಅಳತೆ ತೆಗೆದು ನಿಮ್ಮ ಕೋಣೆಯ ಅಳತೆ ಹಾಕಿಕೊಳ್ಳಿ.

ಪ್ರಶ್ನೆ: ಮಗಳಿಗೆ ಐದು ವರ್ಷ. ಹತ್ತಡಿಗೆ ಹತ್ತಡಿಯ ಕೋಣೆ ಕೊಟ್ಟಿದ್ದೇವೆ. ಬಣ್ಣ, ಪರದೆ, ಮಂಚ, ಕಪಾಟು ಎಲ್ಲವೂ ಆಗಬೇಕು, ಎಲ್ಲಕ್ಕೂ ದುಡ್ಡಿಲ್ಲ. ಅವಳಿಗೆ ಗೋಡೆ ತುಂಬ ರಾಜಕುಮಾರಿ ಚಿತ್ರ ಬೇಕಂತೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಮೊದಲು ಕೋಣೆಯ ನಡುವೆ ನೆಲದ ಮೇಲೆ ಕುಳಿತು ಸುತ್ತ ನೋಡಿ. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರಡಿಯ ಆಸುಪಾಸಿನಲ್ಲಿರುತ್ತದೆ. ದೊಡ್ಡವರು ದುಡ್ಡು ಸುರಿಯುವುದು ಐದಡಿಯ ಮೇಲೆ, ಮಗು ಆಡಿಕೊಂಡಿರುವುದು ನಾಲ್ಕಡಿಯ ಕೆಳಗೆ. ಬಜೆಟ್ ಸಣ್ಣದಿದ್ದಾಗ ಆ ನಾಲ್ಕಡಿಯೊಳಗಿನ ಕೆಲಸ ಮೊದಲು ಆಗಲಿ.

ನಮ್ಮ ಸಲಹೆಯ ಕ್ರಮ ಹೀಗಿದೆ: ಗೋಡೆಯ ತೇವ ಮತ್ತು ಸಡಿಲವಾದ ಸ್ವಿಚ್‌ಬೋರ್ಡು, ಆಮೇಲೆ ಹಾಸಿಗೆ, ಆಮೇಲೆ ಬೆಳಕು, ಆಮೇಲೆ ಮಗುವಿನ ಕೈಗೆಟುಕುವ ಕಪಾಟು. ಬಣ್ಣ, ಪರದೆ ಎಲ್ಲ ಇವುಗಳ ನಂತರ. ತೇವವನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಒದ್ದೆ ಗೋಡೆಯ ಮೇಲೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದು ಹೊಪ್ಪಳಿಕೆಯಾಗಿ ಏಳುತ್ತದೆ. ಒಳಗಿನ ಉಪ್ಪು ಬಿಳಿ ಹೂವಿನಂತೆ ಹೊರಗೆ ಬಂದು ಬಣ್ಣವನ್ನು ತಳ್ಳಿಹಾಕುತ್ತದೆ. ಅನುಮಾನವಿದ್ದರೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸರಿಹೋಗಬಹುದು. ಮೊದಲನೆಯದಾದರೆ ಸೋರಿಕೆ ಎಲ್ಲಿಂದ ಎಂದು ಹುಡುಕಿ ಸರಿಪಡಿಸಿ, ಗೋಡೆ ಪೂರ್ತಿ ಒಣಗುವವರೆಗೂ ಬಣ್ಣದ ಮಾತೇ ಬೇಡ.

ರಾಜಕುಮಾರಿಯನ್ನು ಬಟ್ಟೆ ಮತ್ತು ಕಾಗದದ ಮೇಲೆ ಕರೆತನ್ನಿ: ದಿಂಬಿನ ಕವರ್, ಹೊದಿಕೆ, ಫ್ರೇಮಿನೊಳಗಿನ ಒಂದು ಚಿತ್ರ. ಐದು ವರ್ಷದ ಹುಚ್ಚು ಏಳಕ್ಕೆ ಇರುವುದಿಲ್ಲ. ಆಗ ದಿಂಬಿನ ಕವರ್ ಬದಲಿಸಿದರೆ ಮುಗಿಯಿತು, ಗೋಡೆ ಕೆರೆಯಬೇಕಾಗಿಲ್ಲ. ಹಳೆಯ ಫ್ರೇಮ್ ಬಳಸುವುದಾದರೆ ಗಾಜು ತೆಗೆದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿ.

ಪ್ರಶ್ನೆ: ಬಣ್ಣ ನಾವೇ ಬಳಿಯಬೇಕೆಂದಿದ್ದೇವೆ. ಗೋಡೆಯ ಮೇಲೆ ಕ್ರೇಯಾನ್, ಸ್ಕೆಚ್ ಪೆನ್ ಗೀಚಿದ ಗುರುತುಗಳಿವೆ. ಕೆಳಗಿದ್ದದ್ದು ಹಳೆಯ ಸುಣ್ಣವೋ ಡಿಸ್ಟೆಂಪರೋ ಗೊತ್ತಿಲ್ಲ. ಎಷ್ಟು ಬಣ್ಣ ಬೇಕು?

ಉತ್ತರ: ಗೋಡೆಗೆ ಅಂಗೈ ಒತ್ತಿ ಉಜ್ಜಿ. ಕೈಗೆ ಬಿಳಿ ಪುಡಿ ಮೆತ್ತಿಕೊಂಡರೆ ಅದು ಸುಣ್ಣ ಅಥವಾ ಸತ್ತುಹೋದ ಡಿಸ್ಟೆಂಪರ್. ಅದರ ಮೇಲೆ ನೇರವಾಗಿ ಎಮಲ್ಷನ್ (ನೀರಿನಲ್ಲಿ ಬೆರೆಯುವ ಗೋಡೆ ಬಣ್ಣ) ಬಳಿದರೆ ಬಣ್ಣ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಪುಡಿಯನ್ನು. ಕೆಲವೇ ತಿಂಗಳಲ್ಲಿ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಪುಡಿ ಬರುವುದು ನಿಲ್ಲುವತನಕ ಕೆರೆದು, ಒದ್ದೆ ಬ್ರಷ್‌ನಿಂದ ತೊಳೆದು, ಒಣಗಿಸಿ, ಪ್ರೈಮರ್ (ಬಣ್ಣಕ್ಕೆ ಮುನ್ನ ಹಚ್ಚುವ ತಳದ ಬಣ್ಣ) ಒಂದು ಕೋಟ್ ಕೊಡಿ. ತೂತು, ಬಿರುಕಿಗೆ ಪುಟ್ಟಿಯನ್ನು ತೆಳ್ಳಗೆ ಎರಡು ಸಲ ಎಳೆಯಿರಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಒಣಗುವಾಗ ಅದೇ ಬಿರಿಯುತ್ತದೆ. ಆಮೇಲೆ 180, ಕೊನೆಗೆ 220 ನಂಬರಿನ ಸ್ಯಾಂಡ್‌ಪೇಪರ್.

ಮನೆ ತುಂಬ ಹಳೆಯದಾಗಿದ್ದು ಪದರದ ಮೇಲೆ ಪದರ ಎಣ್ಣೆ ಬಣ್ಣವಿದ್ದರೆ, ಅದರಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿಕೊಂಡು ವಾಟರ್ ಪೇಪರ್ ಎಂಬ ಒದ್ದೆಯಾಗಿ ಬಳಸುವ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಕೆಸರನ್ನು ಒರೆಸಿ ಚೀಲ ಕಟ್ಟಿ ಎಸೆಯಿರಿ. ಮಕ್ಕಳು, ಗರ್ಭಿಣಿಯರು ಅತ್ತ ಸುಳಿಯದಿರಲಿ. ಹೊಸ ಡಬ್ಬ ಕೊಳ್ಳುವಾಗ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕಿಂತ) ಕಡಿಮೆ ಎಂದು ಬರೆದಿದೆಯೇ ನೋಡಿ.

ಕ್ರೇಯಾನ್ ಅಂದರೆ ಮೇಣ, ಮೇಣದ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ, ಹನಿಹನಿಯಾಗಿ ಸರಿದುಬಿಡುತ್ತದೆ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಒದ್ದೆ ಬಟ್ಟೆಯಿಂದ ಉಜ್ಜಿ, ಸೋಪಿನ ನೀರಿನಿಂದ ಒರೆಸಿ. ಸ್ಕೆಚ್ ಪೆನ್ನಿನ ಕಥೆ ಬೇರೆ: ಆ ಶಾಯಿ ನೀರಿನ ಬಣ್ಣದಲ್ಲಿ ಕರಗಿ ಮೇಲಕ್ಕೆ ಬರುತ್ತದೆ. ಮೂರು ಕೋಟ್ ಹೊಡೆದರೂ ನೀಲಿ ಗೆರೆ ಇಣುಕುತ್ತಲೇ ಇರುತ್ತದೆ. ಗುರುತಿರುವ ಜಾಗಕ್ಕಷ್ಟೇ ಕಲೆ ತಡೆಯುವ ಪ್ರೈಮರ್ (ಅರಗಿನದ್ದು ಅಥವಾ ಎಣ್ಣೆಯದ್ದು) ಹಚ್ಚಿ, ಒಣಗಿದ ಮೇಲೆ ಬಣ್ಣ ಹಚ್ಚಿ.

ಇನ್ನು ಲೆಕ್ಕ. ಪ್ರೈಮರ್ ಹಚ್ಚಿದ ನಯವಾದ ಗೋಡೆಯಲ್ಲಿ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಸುಮಾರು 100 ಚದರಡಿ ಓಡುತ್ತದೆ. ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಒಂದು ಗೋಡೆ 90 ಚದರಡಿ. ಎರಡು ಕೋಟ್‌ಗೆ 180. ಎರಡು ಲೀಟರ್ ತಂದರೆ ಚೂರು ಉಳಿಯುತ್ತದೆ, ಮುಂದೆ ತೇಪೆ ಹಾಕಲು ಅದು ಬೇಕೇ ಬೇಕು.

ಆದರೆ ಒಂದು ಗೋಡೆಗಿಂತ ನಮಗೆ ಹಿಡಿಸುವುದು ಅರ್ಧ ಗೋಡೆ: ನಾಲ್ಕೂ ಗೋಡೆಗೆ ನೆಲದಿಂದ ಮೂರೂವರೆ ಅಡಿ ಮಾತ್ರ, ಒರೆಸಿದರೆ ತಡೆದುಕೊಳ್ಳುವ ಸ್ಯಾಟಿನ್ (ತುಸು ಹೊಳಪಿನ) ಎಮಲ್ಷನ್, ತುಸು ಗಾಢ ಬಣ್ಣ. ಮೇಲಿನದು ಈಗಿರುವ ತಿಳಿ ಬಣ್ಣವೇ ಇರಲಿ. ನಾಲ್ಕು ಗೋಡೆ ಸೇರಿ 40 ಅಡಿ ಉದ್ದ, ಮೂರೂವರೆ ಅಡಿ ಎತ್ತರ, ಅಂದರೆ 140 ಚದರಡಿ. ಬಾಗಿಲಿಗೆ ಹತ್ತು ಕಳೆದರೆ 130. ಎರಡು ಕೋಟ್‌ಗೆ ಎರಡೂವರೆ ಲೀಟರ್‌ಗಿಂತ ಚೂರು ಹೆಚ್ಚು ಬೇಕು. ಅಂಗೈ ಗುರುತು, ಗೀಚಾಟ, ಚೆಂಡಿನ ಕಲೆ ಎಲ್ಲ ಬೀಳುವುದು ಆ ಪಟ್ಟಿಯಲ್ಲೇ.

ಇಲ್ಲಿ ಎಲ್ಲರೂ ಎಡವುವುದು ಗೆರೆ ಎಳೆಯುವಾಗ. ನೆಲದಿಂದ ಅಳೆದು ಗುರುತು ಹಾಕಬೇಡಿ; ನೆಲ ಎಲ್ಲೋ ಒಂದು ಕಡೆ ಇಳಿಜಾರಿರುತ್ತದೆ, ಗೆರೆಯೂ ಅದರ ಜೊತೆ ಇಳಿಯುತ್ತದೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ಮೂಲೆಯ ಗುರುತಿಗೆ ನೀರಿನ ಮಟ್ಟ ಹಿಡಿದು ಉಳಿದ ಮೂಲೆಗಳಿಗೆ ಗುರುತು ಸಾಗಿಸಿ. ಗಾರೆಯವರು ಮಾಡುವುದೂ ಇದನ್ನೇ. ಪೆನ್ಸಿಲ್ ಗೆರೆಯ ಮೇಲಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಅಂಚನ್ನು ಉಗುರಿನಿಂದ ಒತ್ತಿ. ಈಗ ಟೇಪಿನ ಕೆಳ ಅಂಚಿಗೆ ಹೊಸ ಬಣ್ಣವಲ್ಲ, ಮೇಲಿನ ಗೋಡೆಯ ಹಳೆಯ ಬಣ್ಣವನ್ನೇ ತೆಳುವಾಗಿ ಒಂದು ಸಲ ಹಚ್ಚಿ ಒಣಗಿಸಿ. ಟೇಪಿನಡಿ ಸಂದಿಗಳಿದ್ದರೆ ಅದೇ ಬಣ್ಣ ಹೋಗಿ ತುಂಬಿಕೊಳ್ಳುತ್ತದೆ, ಹೊಸ ಬಣ್ಣ ಒಳಗೆ ನುಗ್ಗಲು ದಾರಿಯಿರುವುದಿಲ್ಲ. ಎರಡನೇ ಕೋಟ್ ಇನ್ನೂ ಹಸಿಯಿರುವಾಗಲೇ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿಕೊಳ್ಳುತ್ತ ನಿಧಾನವಾಗಿ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಣ್ಣವೂ ಜೊತೆಗೆ ಕಿತ್ತು ಬರುತ್ತದೆ.

ಬಣ್ಣ ಆರಿಸುವಾಗ ಇಷ್ಟವಾದ ಶೇಡಿಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ತನ್ನಿ. ಕಾರ್ಡಿನ ಮೇಲೆ ಹಿತವಾಗಿ ಕಾಣುವ ಹಳದಿ ನಾಲ್ಕು ಗೋಡೆಗೆ ಹರಡಿದಾಗ ಕಣ್ಣು ಚುಚ್ಚುತ್ತದೆ.

ಪ್ರಶ್ನೆ: ಬಣ್ಣ ಬಳಿದ ಮೇಲೆ ಮಗುವನ್ನು ಯಾವಾಗ ಮಲಗಿಸಬಹುದು?

ಉತ್ತರ: ನೀರಿನ ಬಣ್ಣವಾದರೆ ಕಿಟಕಿ ತೆರೆದಿಟ್ಟು ಎರಡು ಮೂರು ದಿನ ಬಿಡಿ. ಎಣ್ಣೆ ಬಣ್ಣಕ್ಕೆ ಕನಿಷ್ಠ ಒಂದು ವಾರ. ಕಿಟಕಿ ಬಾಗಿಲು ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಒಳಗೆ ಹೋದಾಗ ವಾಸನೆ ಬಡಿದರೆ ಇನ್ನೂ ಕಾಯಿರಿ. ಮಂಚದ ಕಟಕಟೆಯಂತೆ ಮಗು ಬಾಯಿ ಹಾಕುವ ವಸ್ತುವಿಗೆ ಎಣ್ಣೆ ಬಣ್ಣ ಬಳಸದಿರುವುದೇ ಲೇಸು.

ಪ್ರಶ್ನೆ: ಗೋಡೆಯ ಒಂದು ಭಾಗವನ್ನು ಕಪ್ಪುಹಲಗೆ ಮಾಡಬೇಕು. ಅದಕ್ಕೆಂದೇ ಬರುವ ಬಣ್ಣ ದುಬಾರಿ. ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಒಂದು ಕಪ್ ಮ್ಯಾಟ್ (ಹೊಳಪಿಲ್ಲದ) ಎಮಲ್ಷನ್‌ಗೆ ಎರಡು ದೊಡ್ಡ ಚಮಚ ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಪುಡಿ. ಮರಳು ಬೆರೆಸದ ಗ್ರೌಟೇ ಆಗಬೇಕು, ಮರಳಿದ್ದರೆ ಸೀಮೆಸುಣ್ಣ ಸವೆದು ಪುಡಿಯಾಗುತ್ತದೆ, ಗೋಡೆ ತರಿತರಿಯಾಗುತ್ತದೆ. ಪುಡಿ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಗಂಟಿಲ್ಲದಂತೆ ಕಲಸಿ ಕೂಡಲೇ ಬಳಿಯಿರಿ. ಬಿಟ್ಟರೆ ಡಬ್ಬದಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಒಮ್ಮೆಗೆ ಒಂದು ಕೋಟ್‌ಗೆ ಆಗುವಷ್ಟು, ಅಂದರೆ ಅರ್ಧ ಕಪ್ಪಿನ ಲೆಕ್ಕದಲ್ಲಿ ಕಲಸಿಕೊಳ್ಳಿ. ಮೂರಡಿಗೆ ನಾಲ್ಕಡಿಯ ಹಲಗೆಗೆ ಎರಡು ಕೋಟ್ ಸೇರಿ ಒಂದು ಕಪ್ ಸಾಕು. ಒಣಗಿದ ಮೇಲೆ 150 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹಗುರಾಗಿ ತಿಕ್ಕಿ ಮೂರು ದಿನ ಬಿಡಿ.

ಮೊದಲ ಅಕ್ಷರ ಬರೆಯುವ ಮುನ್ನ ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಹಲಗೆಗೆ ತಿಕ್ಕಿ, ಒಣಬಟ್ಟೆಯಿಂದ ಒರೆಸಿ. ಹೀಗೆ ಮಾಡದೆ ಬರೆದರೆ ಮೊದಲು ಬಿಡಿಸಿದ ಚಿತ್ರ ಮಸುಕಾಗಿ ಅಲ್ಲೇ ಉಳಿದುಬಿಡುತ್ತದೆ. ಗೋಡೆಯ ಬದಲು ಒಂದು ಪ್ಲೈವುಡ್ ಹಲಗೆಗೆ ಬಳಿದರೆ ಇನ್ನೂ ಒಳ್ಳೆಯದು, ಮನೆ ಬದಲಿಸಿದಾಗ ಅದೂ ಜೊತೆಗೆ ಬರುತ್ತದೆ. ಹಾಸಿಗೆಯ ಪಕ್ಕ ಮಾತ್ರ ಬೇಡ, ಸೀಮೆಸುಣ್ಣದ ದೂಳು ದಿಂಬಿಗೆ ಬೀಳುತ್ತದೆ. ಮಗುವಿಗೆ ಉಬ್ಬಸವಿದ್ದರೆ ಈ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಬಾಡಿಗೆ ಮನೆ. ಮೊಳೆ ಹೊಡೆಯುವ ಹಾಗಿಲ್ಲ, ಬಣ್ಣ ಬದಲಿಸುವ ಹಾಗೂ ಇಲ್ಲ.

ಉತ್ತರ: ಗೋಡೆಗೆ ಬಟ್ಟೆ ಅಂಟಿಸಿ. ಹೋಗುವಾಗ ಸಿಪ್ಪೆ ಸುಲಿದ ಹಾಗೆ ಬರುತ್ತದೆ. ತೆಳು ಹತ್ತಿ ಬಟ್ಟೆ, ಹಳೆಯ ಬೆಡ್‌ಶೀಟಾದರೂ ಆದೀತು, ಆದರೆ ಬಣ್ಣ ಬಿಡುವಂಥದ್ದಲ್ಲ. ನಾಲ್ಕು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಅರ್ಧ ಕಪ್ ತಣ್ಣೀರಲ್ಲಿ ಕದಡಿ, ಮೂರು ಕಪ್ ಕುದಿಯುವ ನೀರಿಗೆ ಸುರಿಯುತ್ತ ಕೈಯಾಡಿಸಿ. ಗಂಜಿಯ ಹದಕ್ಕೆ ಬಂದು ತಿಳಿಯಾಗಿ ಹೊಳೆದಾಗ ಇಳಿಸಿ. ಆರಿದ ಮೇಲೆ ಬ್ರಷ್‌ನಿಂದ ಗೋಡೆಗೆ ಹಚ್ಚಿ, ಮೇಲಿನಿಂದ ಕೆಳಕ್ಕೆ ಬಟ್ಟೆ ಒತ್ತುತ್ತ ಬನ್ನಿ, ಬಟ್ಟೆಯ ಮೇಲೂ ಇನ್ನೊಂದು ಸಲ ಗಂಜಿ ಹಚ್ಚಿ. ಒಣಗಿದ ಮೇಲೆ ಅಂಚನ್ನು ಬ್ಲೇಡಿನಿಂದ ಕತ್ತರಿಸಿ. ತೆಗೆಯುವಾಗ ಒದ್ದೆ ಸ್ಪಂಜಿನಿಂದ ನೆನೆಸಿ ಎಳೆದು, ಉಳಿದ ಗಂಜಿಯನ್ನು ಬಿಸಿನೀರಿನಿಂದ ಒರೆಸಿ.

ಎರಡು ಎಚ್ಚರಿಕೆ. ಇದು ಎಮಲ್ಷನ್ ಅಥವಾ ಎಣ್ಣೆ ಬಣ್ಣದ ಗೋಡೆಗೆ ಮಾತ್ರ. ಸುಣ್ಣ, ಡಿಸ್ಟೆಂಪರ್ ಗೋಡೆಯಲ್ಲಿ ಬಟ್ಟೆಯ ಜೊತೆ ಬಣ್ಣವೂ ಏಳುತ್ತದೆ. ತೇವ ಎಳೆಯುವ ಗೋಡೆಯಲ್ಲಿ ಗಂಜಿಗೆ ಬೂಷ್ಟು ಬರುತ್ತದೆ, ಅಲ್ಲಿಗೂ ಬೇಡ. ಮೊದಲು ಮೂಲೆಯಲ್ಲಿ ಅಂಗೈಯಗಲದ ತುಂಡು ಅಂಟಿಸಿ, ವಾರ ಬಿಟ್ಟು ತೆಗೆದು ನೋಡಿ.

ಅಂಟಿಸುವ ಕೊಕ್ಕೆಗಳು ಬಿದ್ದುಹೋಗುತ್ತವೆ ಎಂಬುದು ಹಲವರ ದೂರು. ದೂಳು, ಎಣ್ಣೆಯ ಪಸೆ ಇರುವ ಗೋಡೆಗೆ ಒತ್ತಿ, ಆ ಕ್ಷಣವೇ ಶಾಲೆಯ ಚೀಲ ನೇತುಹಾಕಿದರೆ ಬೀಳದೆ ಇನ್ನೇನು? ಸ್ಪಿರಿಟ್‌ನಿಂದ ಒರೆಸಿ, ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಒಂದು ದಿನ ಖಾಲಿ ಬಿಟ್ಟು ಆಮೇಲೆ ಭಾರ ಹಾಕಿ. ಚೀಲದಂಥ ಭಾರಕ್ಕೆ ಗೋಡೆಯ ಕೊಕ್ಕೆಗಿಂತ ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆಯೇ ವಾಸಿ.

ಪ್ರಶ್ನೆ: ಹಳೆಯ ಡಬಲ್ ಬೆಡ್‌ಶೀಟಿನಲ್ಲಿ ಪರದೆ ಹೊಲಿಯಬಹುದೇ? ಕಿಟಕಿ ನಾಲ್ಕಡಿಗೆ ನಾಲ್ಕಡಿ.

ಉತ್ತರ: ಹೊಸ ಬಟ್ಟೆಗಿಂತ ಅದೇ ಮೇಲು. ಕುಗ್ಗುವುದೆಲ್ಲ ಆಗಲೇ ಕುಗ್ಗಿ ಮುಗಿದಿರುತ್ತದೆ. ಹೊಸ ಹತ್ತಿ ಬಟ್ಟೆಯಾದರೆ ಕತ್ತರಿ ಹಾಕುವ ಮುನ್ನ ಒಗೆದು ಒಣಗಿಸಲೇಬೇಕು.

ಸರಳನ್ನು ಚೌಕಟ್ಟಿನ ಆಚೆ ಈಚೆ ಆರಾರು ಇಂಚು ಬಿಟ್ಟು ಹಾಕಿದರೆ ಐದಡಿ. ಪರದೆಗೆ ನೆರಿಗೆ ಬೀಳಬೇಕಾದರೆ ಬಟ್ಟೆಯ ಅಗಲ ಸರಳಿನ ಒಂದೂವರೆಯಿಂದ ಎರಡು ಪಟ್ಟು ಇರಬೇಕು. 90 ಇಂಚು ಅಗಲ, 100 ಇಂಚು ಉದ್ದದ ಹೊದಿಕೆ ಎಂದುಕೊಳ್ಳೋಣ: 90 ಇಂಚು ಅಂದರೆ ಏಳೂವರೆ ಅಡಿ, ಸರಿಯಾಗಿ ಒಂದೂವರೆ ಪಟ್ಟು. ನಡುವೆ ಉದ್ದಕ್ಕೆ ಕತ್ತರಿಸಿದರೆ 45 ಇಂಚಿನ ಎರಡು ಪರದೆ. ಹೊರಬದಿಯಲ್ಲಿ ಹೊದಿಕೆಯ ಮೂಲ ಅಂಚೇ ಇರುವುದರಿಂದ ಕತ್ತರಿಸಿದ ಬದಿಯನ್ನಷ್ಟೇ ಮಡಚಿ ಹೊಲಿದರಾಯಿತು.

ಉದ್ದ: ಕಿಟಕಿಯ ಮೇಲೆ ಆರಿಂಚು, ಕಿಟಕಿ 48, ಕೆಳಗೆ ಆರಿಂಚು, ಒಟ್ಟು 60. ಮೇಲಿನ ಮಡಿಕೆಗೆ ನಾಲ್ಕು, ಕೆಳಗಿನದಕ್ಕೆ ಐದು ಸೇರಿಸಿ 69 ಇಂಚಿಗೆ ಕತ್ತರಿಸಿ. ಮೇಲಿನ ನಾಲ್ಕರಲ್ಲಿ ಅರ್ಧ ಇಂಚು ಒಳಮಡಿಕೆ, ಒಂದೂಕಾಲು ಇಂಚು ಸರಳಿನ ಮೇಲೆ ನಿಲ್ಲುವ ಅಂಚು, ಉಳಿದ ಎರಡೂಕಾಲು ಸರಳು ತೂರಿಸುವ ಕೊಳವೆ. ಒಂದಿಂಚು ದಪ್ಪದ ಸರಳಿಗೆ ಎರಡಿಂಚಿಗಿಂತ ಕಡಿಮೆ ಕೊಳವೆ ಬಿಟ್ಟರೆ ಪರದೆ ಸರಾಗ ಸರಿಯುವುದಿಲ್ಲ, ಮಗು ಜಗ್ಗುತ್ತದೆ, ಸರಳೇ ಕಳಚಿ ಬೀಳುತ್ತದೆ. ಕೆಳಗಿನ ಐದಿಂಚು ಜಾಸ್ತಿಯಾಯಿತು ಅನ್ನಿಸಬಹುದು. ಆ ಭಾರಕ್ಕೆ ಪರದೆ ನೇರವಾಗಿ ಇಳಿಬೀಳುತ್ತದೆ. ಮುಂದೆ ದೊಡ್ಡ ಕಿಟಕಿ ಸಿಕ್ಕರೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ಮಿಕ್ಕ 31 ಇಂಚಿನ ಪಟ್ಟಿಯಲ್ಲಿ ಒಂದು ದಿಂಬಿನ ಕವರ್ ಆಗುತ್ತದೆ.

ಬೆಳಕು ತಡೆಯಬೇಕಿದ್ದರೆ ಗಾಢ ಬಣ್ಣದ ಇನ್ನೊಂದು ಹಳೆಯ ಹೊದಿಕೆಯನ್ನು ಹಿಂದೆ ಇಟ್ಟು ಮೇಲಿನ ಕೊಳವೆಯಲ್ಲಿ ಮಾತ್ರ ಸೇರಿಸಿ ಹೊಲಿಯಿರಿ. ಕೆಳಗೂ ಹೊಲಿದರೆ ಎರಡು ಬಟ್ಟೆ ಬೇರೆಬೇರೆಯಾಗಿ ಎಳೆದು ಸುಕ್ಕು ಬೀಳುತ್ತದೆ. ಹಗ್ಗ ಎಳೆದು ಏರಿಸುವ ಪರದೆ ಮಕ್ಕಳ ಕೋಣೆಗೆ ಬೇಡವೇ ಬೇಡ, ಆ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಮಕ್ಕಳ ಪ್ರಾಣ ಹೋದದ್ದಿದೆ. ಈಗಾಗಲೇ ಇದ್ದರೆ ಹಗ್ಗವನ್ನು ಮಗುವಿಗೆ ಎಟುಕದಷ್ಟು ಮೇಲೆ ಸುತ್ತಿ ಬಿಗಿಯಿರಿ, ಮಂಚವನ್ನು ಕಿಟಕಿಯಿಂದ ದೂರ ಸರಿಸಿ.

ಪ್ರಶ್ನೆ: ಓದುವ ಮೇಜು ಹೊಸದು ಕೊಳ್ಳಲಾಗದು. ಮನೆಯಲ್ಲಿ ದೊಡ್ಡವರ ಮೇಜು, ಕುರ್ಚಿ ಇವೆ. ಮಗ 125 ಸೆಂ.ಮೀ. ಎತ್ತರ.

ಉತ್ತರ: ವಯಸ್ಸಿಗಿಂತ ಎತ್ತರ ನೋಡಬೇಕು, ನೀವು ಅದನ್ನೇ ತಿಳಿಸಿದ್ದು ಒಳ್ಳೆಯದಾಯಿತು. ಶಾಲೆಯ ಪೀಠೋಪಕರಣಗಳಿಗೆ ಯುರೋಪಿನಲ್ಲಿರುವ ಮಾನಕದಲ್ಲಿ 108ರಿಂದ 121 ಸೆಂ.ಮೀ. ಎತ್ತರದ ಮಗುವಿಗೆ ಕುರ್ಚಿ 31, ಮೇಜು 53 ಸೆಂ.ಮೀ.; 119ರಿಂದ 142ಕ್ಕೆ 35 ಮತ್ತು 59; 133ರಿಂದ 159ಕ್ಕೆ 38 ಮತ್ತು 64.

ನಿಮ್ಮ ಮಗನಿಗೆ ಬೇಕಾದ್ದು 59, ದೊಡ್ಡವರ ಮೇಜು ಸಾಮಾನ್ಯವಾಗಿ 75. ಹದಿನಾರು ಸೆಂ.ಮೀ. ಹೆಚ್ಚು. ಮೇಜಿನ ಕಾಲು ಕತ್ತರಿಸದೆಯೂ ಸರಿದೂಗಿಸಬಹುದು: ಮಗುವನ್ನು ಅಷ್ಟೇ ಮೇಲೆತ್ತಿ. ಆಸನ 35ಕ್ಕೆ 16 ಸೇರಿ 51 ಆಗಬೇಕು. ದೊಡ್ಡವರ ಕುರ್ಚಿ 45 ಇದ್ದರೆ ಆರು ಸೆಂ.ಮೀ. ದಪ್ಪದ ಗಟ್ಟಿ ಆಸನ ಸಾಕು. ಮೆತ್ತನೆಯ ದಿಂಬು ಕುಸಿದು ಎರಡಾಗುತ್ತದೆ, ಅದು ಲೆಕ್ಕಕ್ಕಿಲ್ಲ. ಹಲಗೆಯ ಮೇಲೆ ತೆಳು ಸ್ಪಂಜು ಹಾಕಿ ಬಟ್ಟೆ ಬಿಗಿದು, ಕುರ್ಚಿಗೆ ಕಟ್ಟಿ. ಪಾದದಡಿ 16 ಸೆಂ.ಮೀ. ಎತ್ತರದ, ಎರಡೂ ಪಾದ ಅಗಲಿಸಿ ಇಡುವಷ್ಟು ಅಗಲದ ಪೆಟ್ಟಿಗೆ ಇಡಿ. ಕಾಲು ಜೋಲಾಡುತ್ತಿದ್ದರೆ ಮಗು ಕುರ್ಚಿಯ ಅಂಚಿಗೆ ಜಾರಿ, ಬೆನ್ನು ಬಾಗಿಸಿ ಕೂರುತ್ತದೆ. ಎಷ್ಟು ಗದರಿಸಿದರೂ ನೆಟ್ಟಗೆ ಕೂರುವುದಿಲ್ಲ. ಮಗ ಎತ್ತರವಾದಂತೆ ಪೆಟ್ಟಿಗೆಯನ್ನೂ ಆಸನವನ್ನೂ ತಗ್ಗಿಸುತ್ತ ಬನ್ನಿ.

ದೀಪದ ವಿಚಾರವನ್ನೂ ಹಲವರು ಕೇಳಿದ್ದಾರೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಮೇಜುದೀಪ ಎಡಕ್ಕೆ, ಎಡಚರಿಗೆ ಬಲಕ್ಕೆ. ತಪ್ಪಿದರೆ ಕೈಯ ನೆರಳು ಬರಹದ ಮೇಲೇ ಬೀಳುತ್ತದೆ. ಓದಿಗೆ 4000 ಕೆಲ್ವಿನ್ ಬಲ್ಬು, ಮಲಗುವ ಹೊತ್ತಿನ ದೀಪಕ್ಕೆ 2700 ಅಥವಾ 3000 ಕೆಲ್ವಿನ್‌ನ ಹಳದಿ ಬೆಳಕು. ಸಂಖ್ಯೆ ಬಲ್ಬಿನ ಪೆಟ್ಟಿಗೆಯ ಮೇಲಿರುತ್ತದೆ. ಚಾವಣಿಯಲ್ಲಿ ಮೂರು ಅಲಂಕಾರದ ದೀಪ ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆಯ ಮೇಜುದೀಪ ತನ್ನಿ.

ಪ್ರಶ್ನೆ: ಪುಸ್ತಕದ ಹಲಗೆ ಗೋಡೆಗೆ ಹಾಕಿದೆವು, ತಿಂಗಳಲ್ಲಿ ಸ್ಕ್ರೂ ಸಮೇತ ಕಿತ್ತುಬಂತು.

ಉತ್ತರ: ನಿಮ್ಮ ಪ್ಲಗ್ (ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ತೂರಿಸುವ ಕೊಳವೆ) ಬರೀ ಗಾರೆಯಲ್ಲೇ ನಿಂತಿತ್ತು ಎಂದು ತೋರುತ್ತದೆ. ಡ್ರಿಲ್ ಮಾಡುವಾಗ ಉದುರುವ ಪುಡಿಯ ಬಣ್ಣ ನೋಡಿ. ಮೊದಲು ಬೂದು ಪುಡಿ, ಅದು ಗಾರೆ. ಆಮೇಲೆ ಕೆಂಪು ಬಂದರೆ ಇಟ್ಟಿಗೆ ಸಿಕ್ಕಿತು ಅಂತ. ಬೂದುಬಣ್ಣವೇ ಮುಂದುವರಿದು ಡ್ರಿಲ್ಲಿನ ಬಿಟ್ (ಕೊರೆಯುವ ಕಡ್ಡಿ) ಸಲೀಸಾಗಿ ಒಳಹೋದರೆ ಇಟ್ಟಿಗೆಗಳ ನಡುವಿನ ಸಂದಿಗೆ ಬಿದ್ದಿದ್ದೀರಿ, ಒಂದೂವರೆ ಇಂಚು ಮೇಲೆ ಅಥವಾ ಕೆಳಗೆ ಸರಿಯಿರಿ. 6 ಮಿ.ಮೀ. ಬಿಟ್, 6 ಮಿ.ಮೀ. ಪ್ಲಗ್, ಎರಡಿಂಚಿನ ಸ್ಕ್ರೂ; ತೂತಿನ ಪುಡಿ ಊದಿ ತೆಗೆದು ಪ್ಲಗ್ ತೂರಿಸಿ, ಅದು ಗಾರೆ ದಾಟಿ ಪೂರ್ತಿ ಇಟ್ಟಿಗೆಯೊಳಗೆ ಕೂರಬೇಕು. ಹಗುರವಾದ ಬಿಳಿ ಬ್ಲಾಕಿನ ಗೋಡೆಯಾದರೆ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ, ಅಂಥ ಬ್ಲಾಕಿಗೆಂದೇ ಬರುವ ಪ್ಲಗ್ ಕೇಳಿ ತನ್ನಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕದಲ್ಲಿ ತೂತು ಕೊರೆಯಲೇಬೇಡಿ, ವೈರು ಹೋಗಿರುವುದು ಅಲ್ಲೇ.

ಚಿಕ್ಕ ಮಕ್ಕಳಿಗೆ ಪುಸ್ತಕದ ಬೆನ್ನು ಕಂಡರೆ ಸಾಲದು, ಮುಖಪುಟ ಕಾಣಬೇಕು. ಅಂಥ ಒಂದು ಹಲಗೆಗೆ ಮೂರಡಿ ಉದ್ದದ ಮೂರು ಪಟ್ಟಿ ಸಾಕು: ಅಡಿಗೆ ಮೂರೂವರೆ ಇಂಚು ಅಗಲದ್ದು, ಗೋಡೆಗೆ ಅಷ್ಟೇ ಅಗಲದ್ದು, ಮುಂದೆ ತಡೆಗೆ ಒಂದೂವರೆ ಇಂಚಿನದು. ಮೊದಲ ಹಲಗೆಯನ್ನು ನೆಲದಿಂದ ಒಂದೂವರೆ ಅಡಿಗೆ, ಎರಡನೆಯ ಹಲಗೆಯನ್ನು ಅದರಿಂದ ಹದಿನಾಲ್ಕು ಇಂಚು ಮೇಲೆ ಹಾಕಿ.

ಇದೇ ಸಂದರ್ಭದಲ್ಲಿ ಯಾರೂ ಕೇಳದ ಒಂದು ಮಾತು: ನೆಲದ ಮೇಲೆ ನಿಂತ ಬೀರು, ಡ್ರಾಯರ್ ಕಪಾಟನ್ನೂ ಎಲ್ ಆಕಾರದ ಎರಡು ಲೋಹದ ಪಟ್ಟಿಯಿಂದ ಮೇಲ್ಭಾಗದಲ್ಲಿ ಗೋಡೆಗೆ ಬಿಗಿಯಿರಿ. ಮಕ್ಕಳು ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಮುಂದಕ್ಕೆ ಭಾರ ಬಿದ್ದು ಇಡೀ ಕಪಾಟು ಮಗುವಿನ ಮೇಲೆ ಮಗುಚುತ್ತದೆ. ಭಾರದ ಸಾಮಾನು ಕೆಳಗಿರಲಿ. ಮಗುವಿಗೆ ಇಷ್ಟವಾದದ್ದನ್ನು ಬೀರುವಿನ ನೆತ್ತಿಯ ಮೇಲಿಟ್ಟು ಆಸೆ ಹುಟ್ಟಿಸಬೇಡಿ.

ಪ್ರಶ್ನೆ: ಯಾರೋ ಬಳಸಿದ ಮರದ ಮಂಚ, ತೊಟ್ಟಿಲು, ಬೀರು ಅಗ್ಗಕ್ಕೆ ಸಿಗುತ್ತಿವೆ. ಏನು ನೋಡಿ ತರಬೇಕು?

ಉತ್ತರ: ಟಾರ್ಚ್ ಹಿಡಿದುಕೊಂಡು ಹೋಗಿ. ಮಂಚದ ಜೋಡಣೆಯ ಸಂದಿಗಳಲ್ಲಿ, ಸ್ಕ್ರೂ ತೂತುಗಳಲ್ಲಿ ಕಪ್ಪು ಚುಕ್ಕೆಗಳಿದ್ದರೆ ತಿಗಣೆ. ಸಣ್ಣ ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳು ಇನ್ನೂ ಕೊರೆಯುತ್ತಿದೆ. ಎರಡರಲ್ಲಿ ಯಾವುದಿದ್ದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಹಳೆಯ ಹಾಸಿಗೆಯನ್ನಂತೂ ಮುಟ್ಟಬೇಡಿ. ಮಂಚ ಹಳೆಯದಿರಲಿ, ಹಾಸಿಗೆ ಹೊಸದಿರಲಿ.

ತೊಟ್ಟಿಲ ಮಂಚವಾದರೆ ಕಂಬಿಗಳ ನಡುವಿನ ಸಂದು ಆರು ಸೆಂ.ಮೀ. ಮೀರಬಾರದು. ಬದಿಯನ್ನು ಕೆಳಕ್ಕೆ ಜಾರಿಸುವ ಹಳೆಯ ಮಾದರಿ ಬೇಡ. ಅಮೆರಿಕದಲ್ಲಿ 2011ರಿಂದ ಅವುಗಳ ಮಾರಾಟವೇ ನಿಂತಿದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಿದರೆ ಹಾಸಿಗೆ ಚಿಕ್ಕದಾಯಿತು. ವರ್ಷದೊಳಗಿನ ಮಗುವಿನ ತೊಟ್ಟಿಲಲ್ಲಿ ದಿಂಬು, ಬೊಂಬೆ, ಬದಿಗೆ ಕಟ್ಟುವ ಮೆತ್ತೆ ಯಾವುದೂ ಇರಬಾರದು. ಇಲ್ಲಿ ಅಲಂಕಾರ ಮಾಡದಿರುವುದೇ ಸರಿ, ಖರ್ಚೂ ಉಳಿಯಿತು.

ಮೈಕಾ ಅಂಟಿಸಿದ ಬೀರುವಿಗೆ ಬಣ್ಣ ನಿಲ್ಲಬೇಕಾದರೆ 180 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹೊಳಪು ಹೋಗುವಂತೆ ತಿಕ್ಕಿ, ನಯವಾದ ಮೇಲ್ಮೈಗೆ ಹಿಡಿಯುವ ಪ್ರೈಮರ್ ಒಂದು ಕೋಟ್, ನೀರಿನ ಎನಾಮೆಲ್ ತೆಳುವಾಗಿ ಎರಡು ಕೋಟ್ ಕೊಡಿ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯತನಕ ಭಾರದ ಪೆಟ್ಟಿಗೆ ಎಳೆದಾಡಿದರೆ ಗೀರು ಖಚಿತ.

ಪ್ರಶ್ನೆ: ಹನ್ನೊಂದರ ಮಗಳು, ಐದರ ಮಗ, ಒಂದೇ ಕೋಣೆ. ಎರಡಂತಸ್ತಿನ ಮಂಚ ಹಾಕೋಣವೆಂದಿದ್ದೇವೆ.

ಉತ್ತರ: ಆರು ವರ್ಷದೊಳಗಿನ ಮಗುವನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು, ಹಾಗಾಗಿ ಮೇಲೆ ಅಕ್ಕ. ಎರಡೂ ಬದಿಗೆ ಕಟಕಟೆ ಇರಲಿ. ಅದರ ಎತ್ತರವನ್ನು ಹಲಗೆಯಿಂದಲ್ಲ, ಹಾಸಿಗೆಯ ಮೇಲ್ಮೈಯಿಂದ ಅಳೆಯಬೇಕು: ಕನಿಷ್ಠ ಐದಿಂಚು. ದಪ್ಪ ಹಾಸಿಗೆ ತಂದು ಹಾಕಿ ಕಟಕಟೆಯನ್ನೇ ಮುಳುಗಿಸಿಬಿಡುವುದು ಎಲ್ಲೆಲ್ಲೂ ಕಾಣುವ ತಪ್ಪು. ಕಟಕಟೆಯ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು. ಚಾವಣಿಯಲ್ಲಿ ಫ್ಯಾನ್ ಇದ್ದು, ಮೇಲೆ ಕೂತ ಮಗುವಿನ ಚಾಚಿದ ಕೈ ಅದರತ್ತ ಹೋಗುವಂತಿದ್ದರೆ ಎರಡಂತಸ್ತಿನ ಮಂಚದ ಆಸೆ ಬಿಡಿ, ಇಲ್ಲವೇ ಫ್ಯಾನನ್ನು ಗೋಡೆಗೆ ಬದಲಿಸಿ.

ಮಂಚಗಳು ಬೇರೆಯಾದರೆ ನಡುವೆ ನಾಲ್ಕಡಿ ಎತ್ತರದ, ಎರಡೂ ಕಡೆ ತೆರೆದ ಕಪಾಟು ನಿಲ್ಲಿಸಿ, ಒಂದು ತುದಿಯನ್ನು ಗೋಡೆಗೆ ಬಿಗಿಯಿರಿ. ಅದಕ್ಕಿಂತ ಎತ್ತರವಾದರೆ ಗಾಳಿ ಬೆಳಕು ಒಬ್ಬರಿಗೇ ಸಿಗುತ್ತದೆ. ಇಬ್ಬರಿಗೂ ಅವರವರದೇ ಸ್ವಿಚ್ ಇರುವ ದೀಪವಿರಲಿ. ಹನ್ನೊಂದರವಳಿಗೆ ಬೀಗವಿರುವ ಒಂದು ಡ್ರಾಯರ್ ಕೊಡಿ, ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ರಟ್ಟಿನ ಪೆಟ್ಟಿಗೆಗಳಿಗೆ ಬಣ್ಣದ ಕಾಗದ ಅಂಟಿಸಿ ಆಟಿಕೆ ತುಂಬಿಟ್ಟೆವು. ಜಿರಳೆ ಸೇರಿಕೊಂಡವು.

ಉತ್ತರ: ಮೈದಾ ಅಂಟು ಬಳಸಿರುತ್ತೀರಿ, ಅವುಗಳಿಗೆ ಅದು ಊಟ. ಬಿಳಿ ಗೋಂದನ್ನೇ ಬಳಸಿ, ಕಾಗದದ ಬದಲು ಬಟ್ಟೆ ಅಂಟಿಸಿ. ಮೇಲಿನ ನಾಲ್ಕು ರೆಕ್ಕೆಗಳನ್ನು ಕತ್ತರಿಸಿ ಎಸೆಯದೆ ಒಳಕ್ಕೆ ಮಡಚಿ ಅಂಟಿಸಿದರೆ ಬಾಯಿಯ ಅಂಚು ದಪ್ಪವಾಗಿ, ಎಳೆದಾಗ ಹರಿಯುವುದಿಲ್ಲ. ಪೆಟ್ಟಿಗೆ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಮುಚ್ಚಳ ಬೇಡ, ಒಳಗೇನಿದೆ ಎಂದು ಕಾಣದ ಪೆಟ್ಟಿಗೆಯನ್ನು ಮಕ್ಕಳು ಬುಡಮೇಲು ಸುರಿದೇ ಹುಡುಕುವುದು.

ಪ್ರಶ್ನೆ: ಹೊಸದಾಗಿ ಬಳಿದ ಗೋಡೆಗೆ ಸ್ಟಿಕರ್ ನಿಲ್ಲುತ್ತಿಲ್ಲ.

ಉತ್ತರ: ಬಣ್ಣದೊಳಗಿನ ನೀರು ಇನ್ನೂ ಹೊರಬರುತ್ತಿದೆ. ಮೂರು ವಾರ ಬಿಟ್ಟು ಅಂಟಿಸಿ. ತೆಗೆಯುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮೂಲೆಯಿಂದ ಎಳೆದರೆ ಬಣ್ಣ ಕೀಳುವುದಿಲ್ಲ.

ಪ್ರಶ್ನೆ: ಹದಿಮೂರರ ಮಗ ಕೋಣೆಗೆಲ್ಲ ಕಪ್ಪು ಬಣ್ಣ ಬೇಕೆನ್ನುತ್ತಾನೆ. ಒಪ್ಪೋಣವೇ?

ಉತ್ತರ: ಒಂದು ಗೋಡೆಗೆ ಒಪ್ಪಿ, ಮಂಚದ ತಲೆಯ ಕಡೆಯದು. ಅಚ್ಚ ಕಪ್ಪಿಗಿಂತ ಕಡು ಬೂದು ಅಥವಾ ಕಡು ನೀಲಿ ರಾತ್ರಿ ದೀಪದಲ್ಲಿ ಕಪ್ಪಾಗಿಯೇ ಕಾಣುತ್ತದೆ, ಹಗಲು ಅಷ್ಟು ಮಂಕು ಬಡಿಯುವುದಿಲ್ಲ. ಬಿಳಿ ಪ್ರೈಮರ್ ಮೇಲೆ ಕಡು ಬಣ್ಣ ಮೂರು ಕೋಟ್ ಕೇಳಬಹುದು. ಪ್ರೈಮರ್‌ಗೆ ಬೂದು ಬಣ್ಣ ಬೆರೆಸಿಸಿಕೊಂಡು ತಂದರೆ ಸಾಮಾನ್ಯವಾಗಿ ಎರಡರಲ್ಲೇ ಮುಗಿಯುತ್ತದೆ. ಗಾರೆಯ ಉಬ್ಬುತಗ್ಗು ಎದ್ದು ಕಾಣದಂತೆ ಮ್ಯಾಟ್ ತೆಗೆದುಕೊಳ್ಳಿ. ಆದರೆ ಮ್ಯಾಟ್ ಕಡು ಬಣ್ಣದ ಮೇಲೆ ಕೈ ಸವರಿದರೂ ಬಿಳಿ ಗೀರು ಉಳಿಯುತ್ತದೆ, ಮಂಚವನ್ನು ಗೋಡೆಯಿಂದ ಎರಡಿಂಚು ದೂರವಿಡಲು ಹೇಳಿ. ಬಳಿಯುವ ಕೆಲಸ ಅವನದೇ ಆಗಲಿ. ಮುಂದೆ ತಿಳಿ ಬಣ್ಣಕ್ಕೆ ಮರಳುವಾಗ ಬಿಳಿ ಪ್ರೈಮರ್ ಒಂದು ಕೋಟ್, ಬಣ್ಣ ಎರಡು ಕೋಟ್ ಬೇಕಾಗುತ್ತದೆ, ಆ ಲೆಕ್ಕವನ್ನು ಈಗಲೇ ಅವನ ಮುಂದಿಡಿ.